ನೋಡದೆ ಹಾಕಿದ ಗುರುತು

17 ನವೆಂಬರ್ 2025, ಸೋಮವಾರ

ಶಾಲಾ ತಪಾಸಣೆ, ಎಪ್ಪತ್ತೆರಡು ಮಕ್ಕಳು. ಹಲ್ಲು, ಕಣ್ಣು, ಎದೆ... ಸೊಂಟ ಬಿದ್ದುಹೋಗಿದೆ.

ಎರಡನೇ ಕ್ಲಾಸಿನ ಮುತ್ತು, ಏಳು ವರ್ಷ. ವೃಷಣದ ಚೀಲ ಚಪ್ಪಟೆ, ಎರಡೂ ಕಡೆ ಖಾಲಿ. ಚಳಿಗೆ ಮೇಲೇರಿರಬಹುದು — ಚಹಾದ ಲೋಟ ಹಿಡಿದು ಕೈ ಬೆಚ್ಚಗೆ ಮಾಡಿಕೊಂಡೆ. ಕುಕ್ಕರಗಾಲಲ್ಲಿ ಕೂರಿಸಿ ಮತ್ತೆ ನೋಡಿದೆ. ಇಳಿಯಲಿಲ್ಲ. ಎರಡೂ ತೊಡೆಸಂದಿನಲ್ಲೇ ನಿಂತಿವೆ, ಬಟಾಣಿ ಕಾಳಿನಷ್ಟು. ಒಂದೂವರೆ ವರ್ಷದೊಳಗೆ ಆಪರೇಶನ್ ಆಗಬೇಕಿತ್ತು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟೆ. ಇಷ್ಟು ವರ್ಷ ತಾಯಿ ಏನು ಮಾಡುತ್ತಿದ್ದಳು? ಸಿಟ್ಟು ಬಂತು.

19 ನವೆಂಬರ್

ಮುತ್ತುವಿನ ತಾಯಿ ಚನ್ನಬಸವ್ವ ಬಂದಿದ್ದಳು. ಇಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ಅರ್ಧ ದಿನ ರಜೆ ಹಾಕಿದ್ದಾಳೆ. ಪ್ಲಾಸ್ಟಿಕ್ ಕವರಿನಿಂದ ಹಳೆಯ ಕಾರ್ಡು ತೆಗೆದಳು.

"ಬೀಜ ಕೆಳಗಿಲ್ಲ ಅಂತ ನನಗೂ ಅನಿಸಿತ್ತರಿ. ಖರೆ ಅಂಗನವಾಡ್ಯಾಗ ಡಾಕ್ಟರ್ ನೋಡಿ, ಸರಿ ಐತಿ ಅಂತ ಬರದಿದ್ರಲ್ಲ, ಸುಮ್ಮನಾದ್ನಿರಿ."

ಜನವರಿ 2020. ವೃಷಣ: ಸರಿ. ಟಿಕ್. ಕೆಳಗೆ ನನ್ನ ಸಹಿ.

ಮಗುವಿನ ನೆನಪಿಲ್ಲ. ಆಗ ಕೆಲಸ ಮಾಡುತ್ತಿದ್ದ ರೀತಿ ನೆನಪಿದೆ. ಮುಂದಿನ ಅಂಗನವಾಡಿಗೆ ಹೋಗಲು ಹೊರಗೆ ಜೀಪು ಕಾಯುತ್ತಿತ್ತು. ಅಳುವ ಮಗುವಿನ ಚಡ್ಡಿ ಬಿಚ್ಚಿಸುತ್ತಿರಲಿಲ್ಲ. ಸಾಲಾಗಿ ಟಿಕ್.

ಅವಳಿಗೆ ಸಹಿ ಯಾರದೆಂದು ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ. ನಾಚಿಕೆಯಾಗುತ್ತಿದೆ.

22 ಡಿಸೆಂಬರ್

ಆಪರೇಶನ್ ಆಗಿದೆ. ಆಗ ಪರೀಕ್ಷೆಗೆಂದು ವೃಷಣಗಳಿಂದ ತೆಗೆದ ತುಣುಕುಗಳ ರಿಪೋರ್ಟ್ ಬಂತು. ನಾಳಗಳು ಸಣ್ಣಗಾಗಿವೆ, ಸುತ್ತ ನಾರು ಕಟ್ಟಿದೆ. ಮುಂದೆ ವೀರ್ಯಾಣು ಆಗಬೇಕಾದ ಜೀವಕೋಶಗಳು ಎಡಗಡೆ ಇಲ್ಲವೇ ಇಲ್ಲ. ಬಲಗಡೆ ಅಲ್ಲೊಂದು ಇಲ್ಲೊಂದು. ಹುಡುಗ ತಂದೆಯಾಗುವುದು ಕಷ್ಟ.

ನಮ್ಮ ತಂಡದ ಫಾರ್ಮಸಿಸ್ಟ್ ಉದಯಕುಮಾರನಿಗೆ ಕಾರ್ಡಿನ ವಿಷಯ ಹೇಳಿದೆ.

"ಆಗಿದ್ದು ಆತು, ಬಿಡ್ರಿ ಮೇಡಂ. ಯಾರಿಗೂ ಗೊತ್ತಿಲ್ಲ." ಔಷಧಿ ಪೆಟ್ಟಿಗೆ ಮುಚ್ಚುತ್ತ, "ಅತ್ತಿ ಮಾತ್ರ ಚನ್ನಬಸವ್ವನ್ನ ದಿನಾ ಬೈಯಾಕತ್ತಾಳಂತ."

26 ಡಿಸೆಂಬರ್, ಸಂಜೆ 6

ಮುತ್ತುವಿನ ಮನೆಗೆ ಹೋದೆ. ಚಹಾ ಕೊಡುತ್ತಲೇ ಅತ್ತೆ ಶುರುಮಾಡಿದಳು: "ಹಡದಾಕಿಗೆ ತಿಳೀಬಾರದೇನ್ರಿ?"

ಹೇಳಿಬಿಟ್ಟೆ. ಸಹಿ ನನ್ನದು, ನೋಡದೆ ಬರೆದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಚನ್ನಬಸವ್ವ ಆ ಕಾರ್ಡು ತಂದು ಸಹಿಯ ಮೇಲೆ ಬೆರಳಿಟ್ಟಳು. ಆಮೇಲೆ, "ಅಂದ್ರ... ತಪ್ಪು ನಂದಲ್ಲೇನ್ರಿ?"

"ಅಲ್ಲ ತಂಗಿ. ನಂದು."

"ಇನ್ನೊಮ್ಮೆ ಹೇಳ್ರಿ. ನಮ್ಮತ್ತಿ ಕಡೆ ನೋಡಿ ಹೇಳ್ರಿ."

ಹೇಳಿದೆ.

27 ಡಿಸೆಂಬರ್

ಮೇಲಿನವರಿಗೆ ಪತ್ರ ಬರೆಯಲು ಕೂತೆ. ಜನವರಿ 2020ರ ರಿಜಿಸ್ಟರ್ ತರಿಸಿಕೊಂಡಿದ್ದೇನೆ. ಆ ತಿಂಗಳು ನಾನು ನೋಡಿದ ಗಂಡುಮಕ್ಕಳು ನಾನೂರ ಹದಿನಾರು. ಎಲ್ಲರಿಗೂ ಸರಿ ಅಂತಲೇ ಟಿಕ್. ಒಬ್ಬೊಬ್ಬರನ್ನೂ ಹುಡುಕಬೇಕು. ಮೊದಲನೇ ಹೆಸರು —