ಕೋಟಿನ ಮೇಲೆ ಹೊರಿಸಿದ ಎಳೆಗಳು

ಜಲಮಂಡಳಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಕೈ ಬರುತ್ತಿಲ್ಲ. ಆದರೂ ರೂಢಿ ಬಿಡಬಾರದು, ಮಾನ್ಯರೇ. ಕುಡಿಯುವ ನೀರಿನಲ್ಲಿ ಪ್ಲಾಸ್ಟಿಕ್ ಕಣಗಳಿವೆ ಎಂದು ನಾನು ವರದಿ ಕೊಟ್ಟರೆ, ಆ ಕಣಗಳನ್ನು ತಾವು ನನ್ನ ಕೋಟಿನ ಮೇಲೆ ಹೊರಿಸಿ ಕೈತೊಳೆದುಕೊಂಡಿರಿ. ಆಮೇಲೆ ಬರೆದ ಮೂರು ಪತ್ರಗಳಿಗೆ ಒಂದು ಸಾಲಿನ ಸುತ್ತೋಲೆ ಬಿಟ್ಟರೆ ಉತ್ತರವಿಲ್ಲ. ಅದಕ್ಕೇ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ತಮ್ಮದೇ ಶುದ್ಧೀಕರಣ ಘಟಕದಲ್ಲಿ ಹತ್ತೊಂಬತ್ತು ವರ್ಷದಿಂದ ನೀರು ಪರೀಕ್ಷಿಸುವವಳು. ನಾವು ನೀರೆತ್ತುವ ಜಾಗದಿಂದ ಸ್ವಲ್ಪ ಮೇಲೆ, ನದಿಯ ದಂಡೆಯಲ್ಲಿ, ಪ್ಲಾಸ್ಟಿಕ್ ಕಸದ ಒಂದು ರಾಶಿಯಿತ್ತು. ಕಳೆದ ವರ್ಷ ತಾವು ಬಂದು ನೋಡಿ, 'ರಾಶಿ ತಾನಾಗಿಯೇ ಕರಗಿದೆ' ಎಂದು ಕಡತದಲ್ಲಿ ಬರೆದಿರಿ. ಪ್ಲಾಸ್ಟಿಕ್ ಏನು ಸಕ್ಕರೆಯೇ, ಕರಗುವುದಕ್ಕೆ? ಬಿಸಿಲಿಗೆ ಒಣಗಿ ಗರಿಗರಿಯಾಗುತ್ತದೆ, ಪ್ರವಾಹದಲ್ಲಿ ಕಲ್ಲಿಗೆ ಉಜ್ಜಿ ಚೂರಾಗುತ್ತದೆ, ಚೂರು ಪುಡಿಯಾಗುತ್ತದೆ. ಪುಡಿಯಾದ ಮೇಲೆ ಕಾಣುವುದಿಲ್ಲ, ಅಷ್ಟೇ. ಒಂದಷ್ಟು ಸಮುದ್ರಕ್ಕೆ ಹೋಯಿತು, ಒಂದಷ್ಟು ನಮ್ಮ ಕೊಳವೆಗೆ ಬಂತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಬೇರೆಯವರಿಗೆ ಕಾಣುವುದಿಲ್ಲವೇ?

ನಮ್ಮ ಮರಳಿನ ಸೋಸುತೊಟ್ಟಿ ನೋಡಿಕೊಳ್ಳುವವರನ್ನು ಎಲ್ಲರೂ ಮರಳಣ್ಣ ಎನ್ನುತ್ತೇವೆ. ತೊಟ್ಟಿ ಎಲ್ಲವನ್ನೂ ತಡೆಯುತ್ತದೆಯೇ ಎಂದು ಅವರನ್ನು ಕೇಳಿದೆ.

"ಮರಳು ತಡೆಯೋಷ್ಟು ತಡೆಯತ್ತೆ ಮೇಡಂ. ಮಿಕ್ಕಿದ್ದನ್ನ ನಮ್ಮ ಹೊಟ್ಟೆ ತಡೆಯತ್ತೆ ಬಿಡಿ."

"ಮರಳಲ್ಲಿ ಸಿಕ್ಕಿದ್ದು?"

"ತೊಳೆದು ವಾಪಸ್ ಹೊಳೆಗೇ ಬಿಡ್ತೀವಲ್ಲ. ಕೆಳಗಿನ ಊರಿನವರಿಗೂ ಬೇಡ್ವಾ?"

ಇಬ್ಬರೂ ನಕ್ಕೆವು. ನಗು ಯಾಕೆ ಬಂತೋ ಗೊತ್ತಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈಚೆಗೆ ನನಗೆ ಯಾವುದೂ ಬರುತ್ತಿಲ್ಲ.

ಈಗ ಕೋಟಿನ ವಿಚಾರ. ನಲ್ಲಿಯ ಒಂದು ಲೀಟರ್ ನೀರು ಸೋಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಲವತ್ತೊಂದು ಎಳೆ ಮತ್ತು ಚೂರುಗಳು ಸಿಕ್ಕವು. ಹೆಚ್ಚಿನವು ನೀಲಿ. ಇಲಾಖೆ ಕೊಟ್ಟ ನನ್ನ ಪಾಲಿಯೆಸ್ಟರ್ ಕೋಟೂ ನೀಲಿ. ಅದರ ಎಳೆ ಪರೀಕ್ಷೆಯ ತಟ್ಟೆಗೆ ಉದುರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎನ್ನಬಾರದು; ತಪ್ಪು ನನ್ನದೇ. 'ಎಳೆಗಳು ಪರೀಕ್ಷಕಿಯ ಉಡುಪಿನವು' ಎಂದು ತಾವು ಬರೆದದ್ದನ್ನು ತಲೆಬಾಗಿ ಒಪ್ಪಿಕೊಂಡೆ.

ಆಮೇಲೆ ಯಜಮಾನರ ಹಳೆಯ ಬಿಳಿ ಹತ್ತಿ ಅಂಗಿ ತೊಟ್ಟು, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರಿಳಿಸಿಕೊಂಡು ಮತ್ತೆ ನೋಡಿದೆ. ಗಾಳಿಯಿಂದ ಏನು ಬೀಳುತ್ತದೆಂದು ತಿಳಿಯಲು ಪಕ್ಕದಲ್ಲೊಂದು ಖಾಲಿ ತಟ್ಟೆಯನ್ನೂ ಇಟ್ಟಿದ್ದೆ. ಖಾಲಿ ತಟ್ಟೆಯಲ್ಲಿ ಎರಡು. ನೀರಿನದರಲ್ಲಿ ಹತ್ತೊಂಬತ್ತು: ಕೆಂಪು, ಹಸಿರು, ಹಾಲುಬಣ್ಣದ ಚೂರುಗಳು. ನನ್ನ ಕೋಟಿಗೆ ಹಸಿರು ಬಣ್ಣ ಯಾವಾಗ ಬಂತು, ಮಾನ್ಯರೇ? ಅದಕ್ಕೆ ತಮ್ಮಿಂದ ಬಂದದ್ದು ಒಂದು ಸಾಲಿನ ಸುತ್ತೋಲೆ: ವರದಿಯ ನಮೂನೆಯಲ್ಲಿ ಇಲ್ಲದ ಪರೀಕ್ಷೆ ಮಾಡಕೂಡದು.

ನಮೂನೆಯಲ್ಲಿ ಬಣ್ಣಕ್ಕೆ, ವಾಸನೆಗೆ, ಕ್ಲೋರಿನ್‌ಗೆ ಜಾಗವಿದೆ. ಪ್ಲಾಸ್ಟಿಕ್ಕಿಗಿಲ್ಲ. ಹಾಗಾಗಿ ದಿನವೂ 'ಕುಡಿಯಲು ಯೋಗ್ಯ' ಎಂದು ಬರೆದು ಸಹಿ ಹಾಕುತ್ತ ಬಂದೆ.

ಕಳೆದ ಭಾನುವಾರ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗುವಿಗೆ ನಾಲ್ಕು ತಿಂಗಳು, ಪುಡಿಹಾಲೇ ಆಹಾರ. ನಲ್ಲಿ ನೀರು ಕುದಿಸಿ ಆರಿಸುತ್ತಿದ್ದಳು.

"ಪಕ್ಕದ್ಮನೆಯವ್ರು ಏನೇನೋ ಹೇಳ್ತಾರಕ್ಕಾ. ಈ ನೀರು ಕೊಡಬಹುದಾ?"

ಈ ಚೂರುಗಳು ಮಗುವಿಗೆ ಏನು ಮಾಡುತ್ತವೆ ಎಂಬುದು ನನಗೆ ನಿಜಕ್ಕೂ ಗೊತ್ತಿಲ್ಲ. ಹೆದರಿಸುವಷ್ಟೂ ಗೊತ್ತಿಲ್ಲ, ಧೈರ್ಯ ಹೇಳುವಷ್ಟೂ ಗೊತ್ತಿಲ್ಲ. ಕ್ಯಾನ್ ನೀರು ತರಿಸು ಎನ್ನೋಣವೆಂದರೆ ಆ ಕ್ಯಾನೂ ಪ್ಲಾಸ್ಟಿಕ್ಕೇ. ಪಾತ್ರೆಯ ಮುಚ್ಚಳ ತೆಗೆದು ನೀರು ನೋಡಿದೆ.

"ದಿನಾ ನೀನೇ ಸಹಿ ಹಾಕ್ತೀಯಲ್ಲ, ಸಾಕು ಬಿಡು," ಎಂದು ಅವಳೇ ಪುಡಿ ಕಲಸಿದಳು. ಮಗು ಒಂದು ಹನಿಯೂ ಬಿಡದೆ ಕುಡಿಯಿತು. ನಾನು ನೋಡುತ್ತ ಕೂತಿದ್ದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ದಂಡೆಯಲ್ಲಿ ಉಳಿದಿರುವ ಚೂರುಗಳನ್ನು ಮುಂದಿನ ಪ್ರವಾಹಕ್ಕೆ ಮೊದಲು ತೆಗೆಸಿ. ನಮೂನೆಗೆ ಒಂದು ಸಾಲು ಸೇರಿಸಿ. ಅಲ್ಲಿಯವರೆಗೆ 'ಯೋಗ್ಯ' ಎಂದು ನಾನು ಬರೆಯುವುದಿಲ್ಲ. ಇವತ್ತಿನ ವರದಿಯನ್ನು ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಸಹಿಯ ಜಾಗ ಖಾಲಿಯಿದೆ. ಅಷ್ಟು ಧೈರ್ಯವಿದ್ದರೆ ತಾವೇ ಹಾಕಿ. ಸಹಿ ಯಾರದೆಂದು ತಂಗಿಗೆ ಹೇಳುತ್ತೇನೆ.

ಇಂತಿ,
ನಂಬಿಕೆಗೆ ಅರ್ಹಳಲ್ಲದ ಒಬ್ಬ ಅಕ್ಕ