ಯಾರೋ ಪಾಪ

ಹೆಂಗಸರ ವಸತಿಗೃಹ
ಮೂರನೇ ಮಹಡಿ, ಹದಿನೇಳನೇ ಕೋಣೆ
ಗುರುವಾರ, ಇಪ್ಪತ್ತೆರಡನೇ ತಾರೀಖು

ತಮ್ಮನಿಗೆ,

ಮೊದಲಿಗೆ ಸ್ವಲ್ಪ ಜಾಗ ಖಾಲಿ ಬಿಟ್ಟಿದ್ದೇನೆ. ‘ಪ್ರೀತಿಯ’ ಅಂತ ಬರೆಯೋಣ ಎಂದು ಪೆನ್ನು ಊರಿದೆ, ಬರಲಿಲ್ಲ. ಬೇಕಿದ್ದರೆ ನೀನೇ ತುಂಬಿಕೋ. ಆರೋಗ್ಯವೇ? ಕೇಳುವುದು ವಾಡಿಕೆ, ಅದಕ್ಕೆ ಕೇಳಿದ್ದೇನೆ. ಮಂಡಿನೋವು ಅಂತ ಯಾವಾಗಲೂ ನರಳುತ್ತಿದ್ದೆಯಲ್ಲ, ಅದು ಪೂರಾ ವಾಸಿಯಾದ ಹಾಗಿದೆ. ಮೂರು ವಾರದ ಹಿಂದೆ ಮಂಗಳವಾರ ಬೆಳಿಗ್ಗೆ ನೀನು ಬಸ್ಸಿನಿಂದ ಇಳಿದ ಚುರುಕನ್ನು ನಾನು ಕಣ್ಣಾರೆ ನೋಡಿದೆ. ನೆಲದ ಮೇಲೆ ಬಿದ್ದಲ್ಲಿಂದಲೇ ನೋಡಿದೆ. ಅರವತ್ತಾರು ವಯಸ್ಸಿಗೆ ಅಷ್ಟು ವೇಗ ಒಳ್ಳೆಯದೇ. ನನ್ನ ಆರೋಗ್ಯ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಎಡ ಮುಂಗೈ ಮೂಳೆ ಮುರಿದಿದೆ, ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ್ದಾರೆ, ಒಳಗೆ ಸಾಯುವಷ್ಟು ತುರಿಕೆ. ಬಲಗೈ ಚೆನ್ನಾಗಿದೆ. ಅದು ನಿನ್ನ ದುರದೃಷ್ಟ, ಯಾಕೆಂದರೆ ಬರೆಯುವುದು ಅದರಲ್ಲೇ.

ನಿನ್ನ ಮನೆ ಬಿಟ್ಟು ನನಗೆ ಎರಡು ವರ್ಷವಾಯಿತು. ‘ಬಿಟ್ಟು’ ಅನ್ನುವುದು ನಿನ್ನ ಮಾತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ತೆಗೆದೆ, ಶಬ್ದವೇ ಆಗಲಿಲ್ಲ. ನಿನ್ನ ಮಗಳು ಪುಟ್ಟಿಯ ಮದುವೆ ಮುಗಿದ ಹನ್ನೊಂದನೇ ದಿನ, ನಾನು ಬಟ್ಟೆ ಮಡಿಸುತ್ತಿದ್ದಾಗ ಬಾಗಿಲಲ್ಲಿ ನಿಂತು, “ಅಕ್ಕ, ಅಳಿಯಂದಿರು ಬಂದರೆ ಅವರಿಗೊಂದು ರೂಮು ಬೇಕಲ್ವಾ” ಅಂದೆ. ಆ ಅಳಿಯ ಎಷ್ಟು ಸಲ ಬಂದು ಮಲಗಿದ ಅಂತ ನಾನು ಕೇಳುವುದಿಲ್ಲ. ನಿನ್ನ ಹೆಂಡತಿ ತೀರಿಕೊಂಡಾಗ ಎಂಟು ತಿಂಗಳ ಕೂಸಾಗಿದ್ದ ಪುಟ್ಟಿಯನ್ನು ಎತ್ತಿಕೊಂಡ ಕೈ ಇದು. ಹಗಲು ಶರ್ಟಿನ ಕಾರ್ಖಾನೆಯಲ್ಲಿ ಗುಂಡಿಗೆ ಕಾಜಾ ಹೊಲಿದು, ಸಂಜೆ ಅವಳ ಸ್ಕೂಲಿನ ಲಂಗಕ್ಕೆ ಅಂಚು ಹೊಲಿದವಳು ನಾನು. ಅದಕ್ಕೂ ಮುಂಚೆ ನೀನು ಓದಿ ಆಫೀಸರ್ ಆದದ್ದು ಯಾರ ಕಾಜಾದ ಮೇಲೆ ಅಂತ ಬರೆದರೆ ನಿನಗೆ ಮುಜುಗರ. ಬೀಗರ ಮುಂದೆ ಆ ಮುಜುಗರವೇ ಅಲ್ಲವೇ ನಿನಗೆ ಇದ್ದದ್ದು? ಮದುವೆಯ ದಿನ ಫೋಟೋ ತೆಗೆಯುವವನು ಎಲ್ಲರನ್ನೂ ಕರೆದಾಗ ನೀನು ಹೆಂಗಸರ ಕೈಚೀಲಗಳನ್ನೆಲ್ಲ ನನ್ನ ಕೈಗೆ ತುಂಬಿ, “ಒಂದ್ನಿಮಿಷ ಹಿಡ್ಕೋ ಅಕ್ಕ” ಅಂದೆ. ಒಂಬತ್ತು ಚೀಲ. ಫೋಟೋ ಆಯಿತು, ಚೀಲಗಳು ಹೋದವು, ಒಂದು ನಿಮಿಷ ಇನ್ನೂ ಮುಗಿದಿಲ್ಲ. ಬೀಗಿತ್ತಿ ನನ್ನ ಹತ್ತಿರ ಬಂದು “ನೀವು ಹುಡುಗಿಗೆ ಏನಾಗಬೇಕು?” ಅಂತ ಕೇಳಿದ್ದರು. ನೀನು ದೂರದಿಂದ ಕಣ್ಣು ಬಿಟ್ಟೆ. ನಾನು, “ಮನೇಲೇ ಇರ್ತೀನಿ” ಅಂದೆ. ಆ ದಿನ ಬಾಯಿ ಮುಚ್ಚಿಕೊಂಡದ್ದು ನನ್ನ ತಪ್ಪು. ನನ್ನನ್ನು ಅಳಿಸುವುದು ಎಷ್ಟು ಸುಲಭ ಅಂತ ನಾನೇ ನಿನಗೆ ಕಲಿಸಿಕೊಟ್ಟೆ.

ಇಲ್ಲಿ ನನ್ನ ಹೆಸರು ‘ಹದಿನೇಳು’. ವಸತಿಗೃಹದ ಯಜಮಾನಿ ಮೆಟ್ಟಿಲ ಬುಡದಲ್ಲಿ ನಿಂತು “ಹದಿನೇಳೂ, ನಲ್ಲಿ ನಿಲ್ಸಿದ್ಯಾ?” ಅಂತ ಕೂಗುತ್ತಾಳೆ. ಕೋಣೆಗೆ ಒಂದು ಕಿಟಕಿ, ಅದರ ಮುಂದೆ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೆ ನೀರಿನ ಪೈಪು. ಎಷ್ಟು ದಿನ ಪೈಪು ನೋಡುವುದು? ಅದಕ್ಕೇ ಬಸ್ ಪಾಸ್ ಮಾಡಿಸಿದೆ. ಬೆಳಿಗ್ಗೆ ಎಂಟೂವರೆಗೆ ಹತ್ತುತ್ತೇನೆ, ಕೊನೆಯ ಸ್ಟಾಪಿನವರೆಗೆ ಹೋಗುತ್ತೇನೆ, ಅದೇ ಬಸ್ಸಿನಲ್ಲಿ ವಾಪಸ್ ಬರುತ್ತೇನೆ. ‘ವಯಸ್ಸಾದವರಿಗೆ’ ಅಂತ ಬರೆದಿರುವ ಸೀಟಿನಲ್ಲಿ ಇಪ್ಪತ್ತರ ಗಟ್ಟಿಮುಟ್ಟಾದವರು ಕೂತಿರುತ್ತಾರೆ, ನನ್ನನ್ನು ಕಂಡ ಕೂಡಲೇ ಅವರಿಗೆ ಗಾಢ ನಿದ್ದೆ ಹತ್ತುತ್ತದೆ. ಕಂಡಕ್ಟರ್ ನನ್ನ ಪಾಸನ್ನು ನೋಡುತ್ತಾನೆ, ಪಾಸು ಹಿಡಿದವಳನ್ನು ನೋಡುವುದಿಲ್ಲ. ಒಂದು ದಿನ ಪಕ್ಕದಲ್ಲಿ ನಿಂತವಳು ತನ್ನ ಊಟದ ಡಬ್ಬಿಯನ್ನು ನನ್ನ ತೊಡೆಯ ಮೇಲೆ ಇಟ್ಟು ಫೋನಿನಲ್ಲಿ ಮಾತಾಡಿದಳು, ಕಟ್ಟೆಯ ಮೇಲೆ ಇಟ್ಟ ಹಾಗೆ. ಇಳಿಯುವಾಗ ಡಬ್ಬಿ ತೆಗೆದುಕೊಂಡಳು. ಕಟ್ಟೆಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ? ಇನ್ನೊಂದು ಜೋಡಿ ನನ್ನ ಮೂಗಿನ ಕೆಳಗೇ ಜಗಳವಾಡಿ, ಅವನು ಇನ್ನೊಬ್ಬಳ ಜೊತೆ ಎಲ್ಲಿ ಎಲ್ಲಿ ಹೋಗಿದ್ದ ಅನ್ನುವುದನ್ನೆಲ್ಲ ಬಿಡಿಸಿ ಹೇಳಿಕೊಂಡರು. ನಾನು ಅಲ್ಲಿ ಇರಲೇ ಇಲ್ಲ ನೋಡು.

ಆದರೆ ನನಗೆ ಕಣ್ಣಿದೆಯಲ್ಲ. ಮೂವತ್ತೊಂದು ವರ್ಷ ಬಟ್ಟೆ ನೋಡಿದ ಕಣ್ಣು. ಸೂಜಿ ಚುಚ್ಚದಿರಲು ಬೆರಳಿಗೆ ಹಾಕುವ ಹಿತ್ತಾಳೆ ಟೋಪಿಯನ್ನೂ ಇಂದಿಗೂ ತೆಗೆದಿಲ್ಲ. ಎದುರು ಸೀಟಿನವನ ಶರ್ಟಿನ ಮೂರನೇ ಗುಂಡಿಗೆ ಕಪ್ಪು ದಾರ, ಉಳಿದದ್ದಕ್ಕೆಲ್ಲ ಬಿಳಿ. ತಾನೇ ಹಾಕಿಕೊಂಡಿದ್ದಾನೆ, ಮನೆಯಲ್ಲಿ ಮಾತಾಡಿಸುವವರಿಲ್ಲ. ಬ್ಯಾಂಕಿನವಳ ಹಾಗೆ ಕಾಣುವವಳ ಸೀರೆಯ ಫಾಲ್ಸ್ ಒಂದು ಗೇಣು ಬಿಚ್ಚಿ ಆರು ವಾರವಾಯಿತು, ಅವಳಿಗೆ ಕೂರಲು ಪುರುಸೊತ್ತಿಲ್ಲ. ನನಗೆ ಅವರ ಮೇಲೆ ಕರುಣೆ ಉಕ್ಕುತ್ತಿತ್ತು ಅಂದುಕೊಳ್ಳಬೇಡ. ಸಿಟ್ಟೇ ಬರುತ್ತಿತ್ತು. ನೀವು ನನ್ನನ್ನು ನೋಡಬೇಡಿ, ನಾನು ನಿಮ್ಮ ಒಳ ಅಂಚಿನವರೆಗೂ ನೋಡುತ್ತೇನೆ ಅನ್ನುವ ಹಟ. ಅವರಲ್ಲಿ ಒಬ್ಬಳು ನರ್ಸು. ರಾತ್ರಿ ಪಾಳಿ ಮುಗಿಸಿ ಹತ್ತುತ್ತಾಳೆ, ಕೂತ ಎರಡನೇ ನಿಮಿಷಕ್ಕೆ ಬಾಯಿ ತೆರೆದು ಗೊರಕೆ. ಅವಳಿಗೆ ನಾನು ಇಟ್ಟ ಹೆಸರು ಗೊರಕೆಮ್ಮ. ಒಂದು ಸಲ ತನ್ನ ಸ್ಟಾಪು ತಪ್ಪಿಹೋಗಿ ಎದ್ದು ಅಳು ಮೋರೆ ಮಾಡಿಕೊಂಡಳು. ಅಂದಿನಿಂದ ಅವಳ ಸ್ಟಾಪಿನ ಹತ್ತಿರದ ನೀರಿನ ಟ್ಯಾಂಕು ಕಂಡ ಕೂಡಲೇ ನಾನು ಜೋರಾಗಿ ಕೆಮ್ಮುತ್ತಿದ್ದೆ. ಅವಳು ದಡಬಡ ಎದ್ದು ಇಳಿದು ಹೋಗುತ್ತಿದ್ದಳು, ಒಂದು ದಿನವೂ ನನ್ನ ಕಡೆ ತಿರುಗದೆ.

ಈಗ ಮಂಗಳವಾರಕ್ಕೆ ಬರುತ್ತೇನೆ. ನೀನು ಬೇರೆ ಏನಾದರೂ ಕಥೆ ಕಟ್ಟಿಕೊಂಡಿರಬಹುದು, ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅವತ್ತು ಜನ ಹೆಚ್ಚಿದ್ದರು, ನಾನು ಕಂಬಿ ಹಿಡಿದು ನಿಂತಿದ್ದೆ. ನೀನೂ ಬೀಗರೂ ಹಿಂದಿನ ಬಾಗಿಲಿನಿಂದ ಹತ್ತಿ ನನ್ನ ಹಿಂದಿನ ಸಾಲಿನಲ್ಲಿ ಕೂತದ್ದು ನನಗೆ ಗೊತ್ತಾಗಲಿಲ್ಲ. ಅಡ್ಡ ಯಾರೋ ಸೈಕಲ್ಲಿನವನು ಬಂದ, ಡ್ರೈವರ್ ಬ್ರೇಕ್ ಒತ್ತಿದ, ಕಂಬಿ ಕೈಬಿಟ್ಟಿತು. ಮೂಟೆ ಬಿದ್ದ ಹಾಗೆ ಬಿದ್ದೆ. ಕೈ ಅಡಿಯಲ್ಲಿ ಸಿಕ್ಕಿ ಲಟಕ್ ಅಂದದ್ದು ನನಗೇ ಕೇಳಿಸಿತು. ಚೀಲದಿಂದ ಕನ್ನಡಕದ ಡಬ್ಬಿ, ಬಾಚಣಿಗೆ, ಎರಡು ಕಿತ್ತಳೆಹಣ್ಣು ಉರುಳಿದವು. ಒಬ್ಬ ತನ್ನ ಕಾಲನ್ನು ಹಿಂದಕ್ಕೆ ಎಳೆದುಕೊಂಡ, ನಾನು ತಾಗಬಾರದು ಅಂತ. ಯಾರೋ ಹೆಂಗಸು, “ಈ ವಯಸ್ಸಲ್ಲಿ ಯಾಕಾದ್ರೂ ಹೊರಗೆ ಬರ್ತಾರೋ” ಅಂದಳು. ನಾನು ತಲೆ ಎತ್ತಿ ಹಿಂದಕ್ಕೆ ತಿರುಗಿದೆ. ಎದುರಿಗೆ ನೀನು. ಒಂದು ಮೊಳ ದೂರ. ನನ್ನ ಕಣ್ಣು ನಿನ್ನ ಕಣ್ಣಿಗೆ ಸಿಕ್ಕಿತು ತಮ್ಮ, ಸಿಗಲಿಲ್ಲ ಅಂತ ಹೇಳಬೇಡ. ನಿನ್ನ ಕಿವಿ ಕೆಂಪಾಯಿತು, ಚಿಕ್ಕವನಿದ್ದಾಗ ಕದ್ದು ಸಿಕ್ಕಿಬಿದ್ದರೆ ಆಗುತ್ತಿದ್ದ ಹಾಗೆ. ಆಮೇಲೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿದೆ. ಬೀಗರು ಅರ್ಧ ಎದ್ದು, “ಅಯ್ಯೋ, ಇವರನ್ನ ಎಲ್ಲೋ ನೋಡಿದೀನಿ. ನಿಮಗೆ ಗೊತ್ತಿರೋರಾ?” ಅಂದರು. ನೀನು ಹೇಳಿದ್ದು ಎರಡೇ ಮಾತು. “ಇಲ್ಲ. ಯಾರೋ ಪಾಪ.” ಮುಂದಿನ ಸ್ಟಾಪಿನಲ್ಲಿ ಅವರ ತೋಳು ಹಿಡಿದು ಇಳಿದೆ. ಅದು ನಿಮ್ಮ ಸ್ಟಾಪಲ್ಲ, ಅಲ್ಲಿ ಟೈರಿನ ಅಂಗಡಿ ಬಿಟ್ಟರೆ ಏನೂ ಇಲ್ಲ. ಇಳಿಯಲು ನನ್ನನ್ನು ದಾಟಲೇಬೇಕಿತ್ತು. ದಾಟಿದೆ. ಒಂದು ಕಿತ್ತಳೆಯನ್ನು ತುಳಿಯದೆ ಜಾಗ್ರತೆಯಾಗಿ ದಾಟಿದೆ.

ಬಸ್ಸಿನಲ್ಲಿದ್ದ ಬೇರೆ ನಲವತ್ತು ಜನರ ಮೇಲೆ ನನಗೆ ದೂರಿಲ್ಲ. ಅವರಿಗೆ ನಾನು ಯಾರೋ. ನಿನಗೆ ಯಾರೋ ಆಗಲು ನಾನು ಎಷ್ಟು ವರ್ಷ ಕಷ್ಟಪಡಬೇಕಾಯಿತು ನೋಡು.

ನನ್ನನ್ನು ಎತ್ತಿದ್ದು ಗೊರಕೆಮ್ಮ. ಅರೆನಿದ್ದೆಯಿಂದ ಎದ್ದು ಬಂದು ನೆಲದ ಮೇಲೇ ಕೂತಳು. ಕೈ ಮುಟ್ಟಿ ನೋಡಿ, ತನ್ನ ದುಪಟ್ಟಾ ಬಿಚ್ಚಿ ಕುತ್ತಿಗೆಗೆ ಜೋಲಿ ಕಟ್ಟಿ, ಡ್ರೈವರನಿಗೆ “ಆಸ್ಪತ್ರೆ ಮುಂದೆ ನಿಲ್ಸಿ, ಸ್ಟಾಪ್ ಅಲ್ಲ ಗೀಪ್ ಅಲ್ಲ ಅಂತ ಹೇಳಿದ್ರೆ ನೋಡಿ” ಅಂತ ಗದರಿದಳು. ರಾತ್ರಿಯೆಲ್ಲ ಒಂದು ಆಸ್ಪತ್ರೆಯಲ್ಲಿ ದುಡಿದು ಹೊರಟವಳು ನನ್ನ ಜೊತೆ ಇನ್ನೊಂದು ಆಸ್ಪತ್ರೆಗೆ ಬಂದಳು. ದಾರಿಯಲ್ಲಿ, “ಮನೆಯವರು ಯಾರಾದ್ರೂ ಇದ್ದಾರಾ ಅಜ್ಜಿ?” ಅಂತ ಕೇಳಿದಳು. “ಇದ್ರು, ಈಗ ತಾನೇ ಇಳಿದುಹೋದ್ರು” ಅಂದೆ. ನೋವಿಗೆ ಏನೋ ಬಡಬಡಿಸುತ್ತಿದ್ದೇನೆ ಅಂದುಕೊಂಡಳು. ಎಕ್ಸ್‌ರೇಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದಾಗ, “ನನಗಾಗಿ ಯಾಕಮ್ಮಾ ನಿದ್ದೆ ಕೆಡಿಸಿಕೊಂಡೆ?” ಅಂದೆ. ಅವಳು ನಕ್ಕು, “ನೀವು ಕೆಮ್ಮೋದು ನನಗಾಗಿ ಅಂತ ನನಗೆ ಗೊತ್ತಿಲ್ವಾ? ನೀವಿದ್ದೀರಿ ಅನ್ನೋ ಧೈರ್ಯದ ಮೇಲೇ ನಾನು ಮಲಗೋದು. ಹೋದ ತಿಂಗಳು ಎರಡು ದಿನ ನೀವು ಬರಲಿಲ್ಲ, ಎರಡು ದಿನವೂ ಸ್ಟಾಪ್ ತಪ್ಪಿತು” ಅಂದಳು. ತಮ್ಮ, ಮೂಳೆ ಮುರಿದಾಗ ನಾನು ಅತ್ತಿರಲಿಲ್ಲ. ಆಗ ಅತ್ತೆ. ಆಸ್ಪತ್ರೆಯ ಕಾಗದದಲ್ಲಿ ‘ಜೊತೆಗೆ ಬಂದವರು, ಸಂಬಂಧ’ ಅನ್ನುವ ಜಾಗದಲ್ಲಿ ಅವಳು ತನ್ನ ಹೆಸರು ಬರೆದು, ಮುಂದೆ ‘ಬಸ್ಸು’ ಅಂತ ಬರೆದಳು. ಗುಮಾಸ್ತ ಇದೆಂಥ ಸಂಬಂಧ ಅಂದ. “ನಡೆಯತ್ತೆ, ಬರ್ಕೊಳ್ಳಿ” ಅಂದಳು. ರಕ್ತ ಹಂಚಿಕೊಂಡವನಿಗಿಂತ ಬಸ್ಸು ಹಂಚಿಕೊಂಡವಳು ವಾಸಿ.

ನೀನು ಬಂದು ಕ್ಷಮೆ ಕೇಳು ಅಂತ ಇದನ್ನು ಬರೆಯುತ್ತಿಲ್ಲ. ಕ್ಷಮೆ ಕೇಳಬೇಕಾದರೆ ಮೊದಲು ಗುರುತು ಹಿಡಿಯಬೇಕಾಗುತ್ತದೆ, ಅಷ್ಟು ದೊಡ್ಡ ಕಷ್ಟ ನಿನಗೆ ಬೇಡ. ನನಗೆ ಬೇಕಾದದ್ದು ಒಂದೇ, ನನ್ನ ಹೊಲಿಗೆ ಯಂತ್ರ. ಅದರ ಮೇಲೆ ಬಟ್ಟೆ ಹೊದಿಸಿ ಟಿವಿ ಇಟ್ಟಿದ್ದೀಯ, ಗೊತ್ತಿದೆ. ಟಿವಿಯನ್ನು ನೆಲದ ಮೇಲೆ ಇಡು, ನಿನ್ನ ತೊಡೆಯ ಮೇಲೆ ಬೇಕಾದರೂ ಇಟ್ಟುಕೋ. ಭಾನುವಾರ ಗಾಡಿಯವನನ್ನು ಕಳಿಸುತ್ತೇನೆ. ಅವನ ಮುಂದೆ “ಯಾವ ಯಂತ್ರ, ಯಾರದ್ದು” ಅಂತ ನಾಟಕ ಆಡಬೇಡ. ಕೆಳಗಿನ ಡ್ರಾಯರಿನಲ್ಲಿ ನನ್ನ ಕತ್ತರಿ, ಬಾಬಿನ್ನು, ಎಣ್ಣೆಬುಡ್ಡಿ ಇವೆ. ಅವೂ ಬರಬೇಕು.

ಆಶೀರ್ವಾದ ಮಾಡದೆ ಕಾಗದ ಮುಗಿಸಿದರೆ ಸತ್ತ ಅಮ್ಮ ನನ್ನನ್ನೇ ಬೈಯುತ್ತಾಳೆ. ಆದ್ದರಿಂದ, ನೂರು ವರ್ಷ ಬಾಳು. ಬಾಳಿ, ಮುದುಕನಾಗಿ, ತುಂಬಿದ ಬಸ್ಸಿನಲ್ಲಿ ಒಮ್ಮೆ ನಿಂತು ನೋಡು.

ಇಂತಿ,
ನಿನಗಿಂತ ಏಳು ವರ್ಷ ಮೊದಲು ಹುಟ್ಟಿದ ತಪ್ಪಿಗೆ
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬಾಗಿಲು ತಟ್ಟಿದ ಸದ್ದಾಯಿತು, ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ. ಬಂದವಳು ಪುಟ್ಟಿ. ಅವತ್ತು ಬೀಗರು ಮನೆಗೆ ಹೋಗಿ, ಬೆರಳಿಗೆ ಹೊಲಿಗೆಯವರ ಹಿತ್ತಾಳೆ ಟೋಪಿ ಹಾಕಿಕೊಂಡ ಅಜ್ಜಿಯೊಬ್ಬರು ಬಸ್ಸಿನಲ್ಲಿ ಬಿದ್ದರು, ನಿಮ್ಮಪ್ಪ ಗೊತ್ತಿಲ್ಲ ಅಂದರು ಅಂತ ಹೇಳಿದರಂತೆ. ಅವಳು ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಅದೇ ಬಸ್ಸಿನಲ್ಲಿ ನಾಲ್ಕು ದಿನ ಓಡಾಡಿ, ಕಂಡಕ್ಟರನ್ನು ಕೇಳಿ, ಗೊರಕೆಮ್ಮನನ್ನು ಹುಡುಕಿ ಇಲ್ಲಿಗೆ ಬಂದಿದ್ದಾಳೆ. ನಾನು ಸಿಟ್ಟು ಮಾಡಿಕೊಂಡು ಹೇಳದೆ ಹೋದೆ ಅಂತ ನೀನು ಅವಳಿಗೆ ಹೇಳಿದ್ದೆಯಂತೆ. ನಾನಿರುವ ಜಾಗ ಹುಡುಕಿ ನನಗೆ ತಲುಪಿಸು ಅಂತ ಅವಳು ನಿನ್ನ ಕೈಗೆ ಕೊಟ್ಟ ಎರಡು ಕಾಗದ ಎಲ್ಲಿವೆ ಅಂತಲೂ ಕೇಳಿದಳು, ಉತ್ತರ ನೀನೇ ಕೊಡು. ಬಾಣಂತನಕ್ಕೆ ನಾನೇ ಬರಬೇಕಂತೆ, ಬೀಗಿತ್ತಿಯೇ ಹೇಳಿ ಕಳಿಸಿದ್ದಾರೆ. ಒಪ್ಪಿದ್ದೇನೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಅವರ ಮನೆಯಲ್ಲೇ ಇರುತ್ತೇನೆ, ಯಂತ್ರವನ್ನು ಗಾಡಿಯವನ ಜೊತೆ ನೇರ ಅಲ್ಲಿಗೇ ಕಳಿಸು. ಮೊಮ್ಮಗುವನ್ನು ನೋಡಲು ನೀನು ಅಲ್ಲಿಗೆ ಬರಲೇಬೇಕಲ್ಲ. ಬಾ. ಬಾಗಿಲು ತೆಗೆಯುವವಳು ನಾನೇ.