ರುಸ್ಮಿಯ ತಟ್ಟೆ

ಒರಾಂಗುಟಾನ್ ಪುನರ್ವಸತಿ ಕೇಂದ್ರ,
ಸೋಮವಾರ

ಪ್ರೀತಿಯ ಅಮ್ಮನಿಗೆ,

ರುಸ್ಮಿ ಕಾಡಿಗೆ ಹೋಗುವುದಿಲ್ಲ. ತಪ್ಪು ನನ್ನದು. ದೋಣಿಯವರು ಬೇರೆ ಏನಾದರೂ ಹೇಳಿದರೆ ನಂಬಬೇಡ.

ನಮ್ಮ ಅಡುಗೆಮನೆಯಲ್ಲಿ ಬೆಳೆದ ಒರಾಂಗುಟಾನ್ ಮರಿಗೆ ಇಲ್ಲಿ ಆರು ವರ್ಷ ಮುಖ್ಯವಾಗಿ ಕಲಿಸಿದ್ದು ಒಂದೇ: ಮನುಷ್ಯರನ್ನು ಕಂಡರೆ ಮರ ಹತ್ತಬೇಕು. ಅದರಲ್ಲಿ ಅವಳು ಎರಡು ಸಲ ಸೋತಿದ್ದಳು. ಮೊನ್ನೆಯದು ಕೊನೆಯ ಪರೀಕ್ಷೆ. ಅವಳನ್ನು ನೋಡಿಕೊಳ್ಳುವ ದೆಹೆನ್ ಮಾಮ ನನ್ನನ್ನೂ ಕರೆದೊಯ್ದರು. "ಸುಮ್ನೆ ನಿಂತು ನೋಡೋ, ಬಾಯಿ ಬಿಡ್ಬೇಡ," ಎಂದರು.

ರುಸ್ಮಿ ನನ್ನನ್ನು ನೋಡಿದಳು. ನೋಡಿ ಮರ ಹತ್ತಿಬಿಟ್ಟಳು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ನನ್ನ ಗುರುತೇ ಸಿಗಲಿಲ್ಲವೇ ಎನಿಸಿತು. ಅವಳನ್ನು ಊಟಕ್ಕೆ ನೀನು ಕರೆಯುತ್ತಿದ್ದಂತೆ ನಾಲಿಗೆ ಲೊಚಗುಟ್ಟಿಸಿದೆ, ಒಂದೇ ಒಂದು ಸಲ. ಸರಸರನೆ ಇಳಿದು ಬಂದು ಅಂಗೈ ಚಾಚಿದಳು.

ದೆಹೆನ್ ಮಾಮ ಬೈಯಲಿಲ್ಲ. "ಸ್ಕೂಲ್ ಬಿಟ್ಟೋನ್ನ ಪರೀಕ್ಷೆಗೆ ಕರ್ಕೊಂಡ್ ಬಂದ್ನಲ್ಲ, ನಂಗೆ ಬುದ್ಧಿ ಇಲ್ಲ," ಎಂದರು, ಅಷ್ಟೆ.

ಇನ್ನು ಅವಳಿಗೆ ಸಾಯುವವರೆಗೂ ಪಂಜರವೇ. ಪಂಜರ ತೊಳೆಯುವ ಕೆಲಸ ಕೇಳಿಕೊಂಡು ನಾನೂ ಇಲ್ಲೇ ಉಳಿದಿದ್ದೇನೆ. ಕಂಡಾಗಲೆಲ್ಲ ಕಂಬಿಗಳ ನಡುವಿನಿಂದ ಕೈ ಚಾಚುತ್ತಾಳೆ.

ನೀನು ಅವಳಿಗೆಂದು ಕಟ್ಟಿಕೊಟ್ಟ ಕರಿದ ಬಾಳೆಹಣ್ಣನ್ನು ಒಳಗೆ ಬಿಡುವುದಿಲ್ಲವೆಂದು ಗೊತ್ತಿತ್ತು. ದೋಣಿಯಲ್ಲಿ ನಾನೇ ತಿಂದೆ.

ಒಲೆಯ ಪಕ್ಕ ನೇತುಹಾಕಿರುವ ಅವಳ ತಗಡಿನ ತಟ್ಟೆಯನ್ನು ಗುರುವಾರದ ದೋಣಿಯಲ್ಲಿ ಕಳಿಸು. ಮನೆಯ ಸಾಮಾನು ಅವಳ ಕಣ್ಣಿಗೆ ಬೀಳಬಾರದೆಂಬ ನಿಯಮವಿತ್ತು. ಈಗ ಕೊಟ್ಟರೂ ಅಡ್ಡಿಯಿಲ್ಲವಂತೆ.

ನಿನ್ನ ಮಗ,
ಸಾನೆನ್